ಆಪತ್ತಿನ ಹೊತ್ತಿನಲ್ಲಿ ಮುಂದಾಳು ಯಾರು? ಹೆಣ್ಣು, ಗಂಡು ಮತ್ತು ನಮ್ಮ ಜಿಲ್ಲೆಗಳು ಕಂಡದ್ದು

ಉಪನ್ಯಾಸಕಿ, ಧಾರವಾಡ

ಕಾಲೇಜಿನ ಚರ್ಚಾ ಸ್ಪರ್ಧೆಯೊಂದಕ್ಕೆ ತೀರ್ಪುಗಾರಳಾಗಿ ಹೋಗಿದ್ದೆ. ಸಂಕಟದ ಕಾಲದಲ್ಲಿ ಒಳ್ಳೆಯ ನಾಯಕತ್ವ ಕೊಡುವವರು ಹೆಂಗಸರೋ ಗಂಡಸರೋ ಎಂಬುದು ವಿಷಯ. ಒಂದು ಕಡೆಯವರು ತಾಳ್ಮೆ, ಕರುಣೆ, ತಾಯ್ತನ ಎಂದರು. ಇನ್ನೊಂದು ಕಡೆಯವರು ಧೈರ್ಯ, ಗಟ್ಟಿ ಗುಂಡಿಗೆ ಎಂದರು. ಇಡೀ ಮಧ್ಯಾಹ್ನ ಗುಣಗಳ ಹೆಸರುಗಳೇ ಹಾರಾಡಿದವು. ಯಾರು, ಯಾವ ಗಳಿಗೆಯಲ್ಲಿ, ಏನು ತೀರ್ಮಾನ ತೆಗೆದುಕೊಂಡರು, ಅದರಿಂದ ಯಾರು ಉಳಿದರು ಎಂದು ಒಬ್ಬ ವಿದ್ಯಾರ್ಥಿಯೂ ಹೇಳಲಿಲ್ಲ. ಕೊರೊನಾ ಕಾಲದಲ್ಲಿ ನ್ಯೂಜಿಲೆಂಡಿನ ಪ್ರಧಾನಿಯಾಗಿದ್ದ ಜೆಸಿಂಡಾ ಆರ್ಡರ್ನ್, ಕೇರಳದ ಆರೋಗ್ಯ ಸಚಿವೆಯಾಗಿದ್ದ ಕೆ.ಕೆ. ಶೈಲಜಾ ಎಂಬ ಹೆಸರುಗಳು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿದ್ದವು.

ನಮ್ಮ ಕಣ್ಣ ಮುಂದೆಯೇ ನಡೆದದ್ದನ್ನು ನಾವು ಏಕೆ ಮರೆಯುತ್ತೇವೆ? 2019ರ ಮಾರ್ಚ್ 19ರಂದು ಇಲ್ಲಿಯ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಎರಡೂವರೆ ದಿನ ಕಳೆದ ಮೇಲೂ ಅವಶೇಷದ ಅಡಿಯಿಂದ ಜೀವಂತ ಮನುಷ್ಯರನ್ನು ಹೊರತೆಗೆದರು. ಆಗ ಜಿಲ್ಲಾಧಿಕಾರಿ ದೀಪಾ ಚೋಳನ್. ಲೋಕಸಭೆ ಚುನಾವಣೆ ಘೋಷಣೆಯಾಗಿತ್ತು, ಅದರ ಹೊಣೆಯೂ ಅವರದೇ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದದ ಕಡೆಯ ಹೊಲ, ಊರು ಮುಳುಗಿದಾಗಲೂ ಜಿಲ್ಲೆ ಅವರ ಕೈಯಲ್ಲಿತ್ತು. ಈ ಎರಡು ಪ್ರಸಂಗಗಳಲ್ಲಿ ಜನ ಜಿಲ್ಲಾಡಳಿತವನ್ನು ಹೊಗಳಿದ್ದೂ ಉಂಟು, ಬೈದದ್ದೂ ಉಂಟು. "ಹೆಣ್ಣುಮಗಳಾದ್ದರಿಂದ ಹೀಗಾಯಿತು" ಎಂದು ಹೇಳಿದ್ದನ್ನು ನಾನಂತೂ ಕೇಳಲಿಲ್ಲ. ಅದು ನನಗೆ ಸಂತೋಷ ಕೊಟ್ಟ ಸಂಗತಿ.

ಹಾಗಾದರೆ ಪ್ರಶ್ನೆ ಮುಗಿಯಿತೇ? ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಊರುಗಳಲ್ಲಿ ನೆರೆ, ಬರ, ಕೊರೊನಾ, ಬೆಂಕಿ ಬಂದಾಗ ನಿಜವಾಗಿ ಯಾರ ಮಾತು ನಡೆಯಿತು, ಯಾರ ಮಾತು ನಡೆಯಬೇಕಿತ್ತು? ಗುಣಗಳ ಪಟ್ಟಿ ಬೇಡ, ನಡೆದದ್ದನ್ನು ಬರೆಯಿರಿ.

ಕಾರ್ಖಾನೆ ಮೇಲ್ವಿಚಾರಕ, ಹುಬ್ಬಳ್ಳಿ

ಮೇಡಂ, ನಾನು ಗೋಕುಲ ರಸ್ತೆಯ ಕಡೆ ಕೆಲಸ ಮಾಡುವವನು. ಶೆಡ್ಡಿನೊಳಗೆ ಬೆಂಕಿ ಹತ್ತಿದರೆ ಏನು ಮಾಡಬೇಕೆಂದು ಪ್ರತಿವರ್ಷ ಅಣಕು ಕಾರ್ಯಾಚರಣೆ ಮಾಡಿಸುತ್ತೇನೆ. ಅಲ್ಲಿ ಒಂದೇ ದನಿ ಇರಬೇಕು. ಮೇನ್ ಸ್ವಿಚ್ ತೆಗೆ, ಸಿಲಿಂಡರ್ ಬಿಟ್ಟು ಓಡು, ಗೇಟಿನ ಹತ್ತಿರ ತಲೆ ಎಣಿಸು. ಎಲ್ಲರನ್ನೂ ಕೇಳಿ, ಎಲ್ಲರ ಮನಸ್ಸು ನೋಡಿ ತೀರ್ಮಾನಿಸುವಷ್ಟು ಹೊತ್ತು ಬೆಂಕಿ ಕೊಡುವುದಿಲ್ಲ. ಈಗಿನ ತರಬೇತಿಗಳಲ್ಲಿ ಸಹಾನುಭೂತಿಯ ನಾಯಕತ್ವ, ಕೇಳಿಸಿಕೊಳ್ಳುವ ನಾಯಕತ್ವ ಎಂದು ಬಹಳ ಹೇಳುತ್ತಾರೆ. ಆಪತ್ತಿನಲ್ಲಿ ಮೊದಲು ಬೇಕಾದದ್ದು ಆಜ್ಞೆ. ಅದನ್ನು ಹೆಂಗಸು ಕೊಟ್ಟರೂ ಒಪ್ಪುತ್ತೇನೆ. ಆದರೆ ಆಜ್ಞೆ ಕೊಡುವ ಅಭ್ಯಾಸ ನಮ್ಮ ಸಮಾಜದಲ್ಲಿ ಗಂಡಸರಿಗೇ ಹೆಚ್ಚು ಎಂಬುದನ್ನು ಅಲ್ಲಗಳೆಯಲು ಆಗುವುದಿಲ್ಲ. ಕಿತ್ತೂರು ಚೆನ್ನಮ್ಮನಂಥವರು ನೂರು ವರ್ಷಕ್ಕೊಬ್ಬರು.

ಶಾಲಾ ಶಿಕ್ಷಕಿ, ರೋಣ ತಾಲ್ಲೂಕು

ಅಣ್ಣಾವರು ಬೆಂಕಿಯ ಮಾತು ಆಡಿದರು. ನಾನು ನೀರಿನ ಮಾತು ಆಡುತ್ತೇನೆ, ಏಕೆಂದರೆ ನಮ್ಮ ಕಡೆ ಬರುವುದು ಅದು.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆಯ ದಂಡೆಯ ಊರುಗಳು ಏನಾದವು ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತು. ನರಗುಂದ ತಾಲ್ಲೂಕಿನ ಲಖಮಾಪುರ ನಡುಗಡ್ಡೆಯಾಯಿತು. ಕೊಣ್ಣೂರಿನ ಹತ್ತಿರ ಹೆದ್ದಾರಿಯ ಮೇಲೆ ನೀರು ಬಂತು. ಹೊಳೆಆಲೂರು, ಮೆಣಸಗಿ ಕಡೆಯವರೂ ಮನೆ ಬಿಟ್ಟು ಬಂದರು. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಟ್ಟಿದ್ದರೂ ಬಹಳ ಜನ ಹಳೆಯ ಊರಿನಲ್ಲಿಯೇ ಇದ್ದರು. ದನ ಕಟ್ಟಲು ಜಾಗ ಸಾಲದು, ಹೊಲ ದೂರ ಎಂಬ ಕಾರಣಗಳಿದ್ದವು, ಅವು ಸುಳ್ಳಲ್ಲ.

ನಾನು ಕೆಲಸ ಮಾಡುತ್ತಿದ್ದ ಶಾಲೆಯೇ ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರವಾಯಿತು. ಮೊದಲ ರಾತ್ರಿ ಬಾಗಿಲ ಹತ್ತಿರ ಮೇಜು ಹಾಕಿ ಹೆಸರು ಬರೆದುಕೊಂಡರು. ಮನೆಯ ಯಜಮಾನನ ಹೆಸರು, ಒಟ್ಟು ಜನ ಎಷ್ಟು, ಅಷ್ಟೇ. "ಇಂಥವರ ಮನೆ, ಏಳು ಜನ." ಊಟದ ಲೆಕ್ಕಕ್ಕೆ ಅದು ಸಾಕು. ಮಾರನೆಯ ಬೆಳಿಗ್ಗೆ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ನನ್ನ ಹತ್ತಿರ ಬಂದು ಬಳಸದ ಹಾಜರಿ ಪುಸ್ತಕ ಒಂದಿದ್ದರೆ ಕೊಡಿ ಎಂದರು. ಆ ಪುಸ್ತಕದ ಅಂಕಣಗಳಿಗೆ ತಾವೇ ಬೇರೆ ಶೀರ್ಷಿಕೆ ಕೊಟ್ಟುಕೊಂಡರು: ಬಸುರಿ, ಬಾಣಂತಿ, ಹಾಲು ಕುಡಿಯುವ ಕೂಸು, ಬಿಪಿ ಗುಳಿಗೆ, ಸಕ್ಕರೆ ಕಾಯಿಲೆ, ನಡೆಯಲಾಗದವರು, ಒಂಟಿ ಹೆಂಗಸು. ಕೋಣೆಯಿಂದ ಕೋಣೆಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿ ತುಂಬಿದರು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಗುಳಿಗೆ ಮನೆಯಲ್ಲೇ ಬಿಟ್ಟು ಬಂದ ಮುದುಕರು ಒಂದು ಕೋಣೆ ತುಂಬುವಷ್ಟಿದ್ದರು. ಹೊರಗಿನ ಊರುಗಳಿಂದ ಚೀಲಗಟ್ಟಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು. ಜನರ ದೊಡ್ಡ ಮನಸ್ಸು ಅದು, ಎಂದೂ ಮರೆಯುವುದಿಲ್ಲ. ಆದರೆ ಗುಳಿಗೆ ಯಾರೂ ತಂದಿರಲಿಲ್ಲ, ಏಕೆಂದರೆ ಬೇಕೆಂದು ಯಾರೂ ಹೇಳಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಇತ್ತು, ಕೀಲಿ ಇದ್ದವರು ಊರಿನಲ್ಲಿರಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಬೀಗ ಒಡೆಸಿದವರೂ ಆ ಅಕ್ಕನೇ.

ಆ ಕೇಂದ್ರದ ಅಧಿಕೃತ ಉಸ್ತುವಾರಿ ಬೇರೆಯವರದು. ಅವರೂ ಒಳ್ಳೆಯವರೇ, ಹಗಲು ರಾತ್ರಿ ದುಡಿದರು. ನೀರು ಇಳಿದ ಮೇಲೆ ಸನ್ಮಾನವಾಯಿತು. ವೇದಿಕೆಯ ಮೇಲೆ ಬೋಟಿನಲ್ಲಿ ಜನರನ್ನು ತಂದವರಿಗೆ, ಅಧಿಕಾರಿಗಳಿಗೆ ಶಾಲು ಹೊದಿಸಿದರು. ಅದು ನ್ಯಾಯವೇ. ಪುಸ್ತಕ ಬರೆದ ಅಕ್ಕ ಆ ಹೊತ್ತಿನಲ್ಲಿ ಅಡುಗೆ ಮಾಡಿದ ಪಾತ್ರೆಗಳ ಲೆಕ್ಕ ಹಾಕುತ್ತಿದ್ದರು. ಅವರು ಮಾಡಿದ್ದನ್ನು ನಾಯಕತ್ವ ಎಂದು ಒಬ್ಬರೂ ಕರೆಯಲಿಲ್ಲ, "ಸೇವೆ" ಎಂದರು. ನನಗೆ ಇವತ್ತಿಗೂ ಅದು ಸಹಿಸಲಾಗದ ಮಾತು.

ಪುಸ್ತಕದಂಗಡಿ, ಗದಗ

ಅಕ್ಕನವರೇ, ಬೀಗ ಒಡೆಸಿದ್ದು ಆಜ್ಞೆಯೇ ಅಲ್ಲವೇ? ಮೇಲಿನ ಹುಬ್ಬಳ್ಳಿಯ ಅಣ್ಣನವರು ಕೇಳಿದ್ದೂ ಅದನ್ನೇ.

ರೈತ, ವರದಾ ದಂಡೆ, ಹಾವೇರಿ ಜಿಲ್ಲೆ

ಶಿಕ್ಷಕಿಯವರು ಬರೆದದ್ದು ಅಕ್ಷರಶಃ ನಿಜ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ವರದಾ ಏರಿದಾಗ ನಮ್ಮನ್ನು ಕಾಪಾಡಿದವರಲ್ಲಿ ಒಬ್ಬ ಲೈನ್‌ಮನ್ ಇದ್ದ. ಗಂಡಸು. ಮೇಲಿನಿಂದ ಆದೇಶ ಬರುವ ಮೊದಲೇ ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿ, ಹೊಲದ ಪಂಪ್‌ಸೆಟ್ ಎತ್ತಲು ಹೊರಟಿದ್ದ ಹುಡುಗರನ್ನು ಬೈದು ತಿರುಗಿಸಿದ. ಅವನಿಗೆ ಯಾವ ಹೊಲದಲ್ಲಿ ಯಾವ ತಂತಿ ಜೋತು ಬಿದ್ದಿದೆ ಎಂಬುದು ಗೊತ್ತಿತ್ತು. ಆ ತಾಯಿಗೆ ಬಿಪಿ ಗುಳಿಗೆ ಯಾರಿಗೆ ಬೇಕೆಂದು ಗೊತ್ತಿದ್ದ ಹಾಗೆಯೇ. ಅದೇ ನೆರೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಬಂದು, ಜೀಪಿನಿಂದ ಇಳಿಯದೆ, ದನ ಬಿಟ್ಟು ಬರುವುದಿಲ್ಲ ಎಂದ ಮುದುಕನ ಮೇಲೆ ಕೂಗಾಡಿ ಹೋದರು. ಮುದುಕ ಬರಲಿಲ್ಲ. ಮರುದಿನ ಅವನ ಎಮ್ಮೆಗೂ ಜಾಗ ಇದೆ ಎಂದು ತಲಾಟಿ ಹೇಳಿದ ಮೇಲೆ ಬಂದ.

ನಾನು ಕಂಡಷ್ಟರಲ್ಲಿ ವ್ಯತ್ಯಾಸ ಮಾಡುವುದು ಊರಿನ ಜೊತೆಗಿನ ಒಡನಾಟ. ಅದು ಇದ್ದವರು ಗೆಲ್ಲುತ್ತಾರೆ. ಇಲ್ಲದವರು ಸೀರೆ ಉಟ್ಟಿರಲಿ, ಪ್ಯಾಂಟ್ ತೊಟ್ಟಿರಲಿ, ಸೋಲುತ್ತಾರೆ.

ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಈ ಪ್ರಶ್ನೆಯ ಮೇಲೆ ಕೊರೊನಾ ಕಾಲದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಅವು ಒಂದೇ ಮಾತು ಹೇಳುವುದಿಲ್ಲ ಎಂಬುದೇ ಮುಖ್ಯ.

ಸುಪ್ರಿಯಾ ಗರಿಕಿಪಾಟಿ ಮತ್ತು ಉಮಾ ಕಂಭಂಪಾಟಿ 194 ದೇಶಗಳನ್ನು ನೋಡಿದರು. ಅವುಗಳಲ್ಲಿ ಮಹಿಳೆಯರು ಮುಖ್ಯಸ್ಥರಾಗಿದ್ದದ್ದು 19ರಲ್ಲಿ ಮಾತ್ರ. ಜನಸಂಖ್ಯೆ, ಆದಾಯ ಮುಂತಾದವುಗಳಲ್ಲಿ ಹೋಲುವ ದೇಶಗಳನ್ನು ಜೊತೆಗಿಟ್ಟು ಹೋಲಿಸಿದಾಗ, ಮಹಿಳೆಯರ ಆಡಳಿತವಿದ್ದ ದೇಶಗಳು ಸಾವುಗಳು ಇನ್ನೂ ಕಡಿಮೆ ಇದ್ದಾಗಲೇ ಲಾಕ್‌ಡೌನ್ ಮಾಡಿದ್ದು ಕಂಡಿತು. ಅದೇ ಹೊತ್ತಿನ ಇನ್ನೊಂದು ಅಧ್ಯಯನಕ್ಕೆ ಸಾವಿನ ಪ್ರಮಾಣದಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಹೆಣ್ಣನ್ನು ಆರಿಸುವ ಸಮಾಜಗಳ ಸ್ವಭಾವವೇ ಬೇರೆ ಇರುತ್ತದೆ, ಫಲ ಅದರಿಂದಲೂ ಬರಬಹುದು ಎಂದು ಅದು ವಾದಿಸಿತು. 19 ದೇಶ ಹಿಡಿದುಕೊಂಡು ಮನುಷ್ಯಕುಲದ ಸ್ವಭಾವ ಹೇಳಲು ಹೊರಡುವುದು ದುಡುಕು.

ನನಗೆ ಹೆಚ್ಚು ನಂಬಿಕೆ ಬಂದದ್ದು ಬ್ರೆಜಿಲ್‌ನ ಅಧ್ಯಯನದ ಮೇಲೆ. ಅಲ್ಲಿ ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸು ಸ್ಪರ್ಧಿಸಿ, ಕೂದಲೆಳೆಯ ಅಂತರದಲ್ಲಿ ಯಾರೋ ಒಬ್ಬರು ಮೇಯರ್ ಆದ ಪಟ್ಟಣಗಳನ್ನಷ್ಟೇ ಆರಿಸಿಕೊಂಡರು. ಕೆಲವೇ ಮತಗಳಿಂದ ಸೋಲು ಗೆಲುವು ನಿರ್ಧಾರವಾದ ಊರುಗಳು ಉಳಿದೆಲ್ಲದರಲ್ಲಿ ಬಹುತೇಕ ಒಂದೇ ಥರ ಇರುತ್ತವೆ, ಆದ್ದರಿಂದ ಹೋಲಿಕೆ ನ್ಯಾಯವಾದದ್ದು. ಹೆಂಗಸರು ಗೆದ್ದ ಪಟ್ಟಣಗಳಲ್ಲಿ ಕೊರೊನಾ ಸಾವು, ಆಸ್ಪತ್ರೆ ದಾಖಲಾತಿ ಎರಡೂ ಕಡಿಮೆ. ಮಾಸ್ಕ್ ಕಡ್ಡಾಯ, ಗುಂಪು ಸೇರುವುದಕ್ಕೆ ತಡೆ ಇಂಥ ಕ್ರಮಗಳನ್ನು ಅವರು ಹೆಚ್ಚಾಗಿ ಕೈಗೊಂಡಿದ್ದರು. ಇವು ಯಾವುವೂ ಮೃದು ತೀರ್ಮಾನಗಳಲ್ಲ. ಅಧ್ಯಕ್ಷರಾಗಿದ್ದ ಬೊಲ್ಸೊನಾರೊ ಈ ನಿರ್ಬಂಧಗಳನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದಾಗ ತೆಗೆದುಕೊಂಡ ತೀರ್ಮಾನಗಳು ಅವು.

ಇನ್ನೊಂದನ್ನು ಹೇಳದಿದ್ದರೆ ಚಿತ್ರ ಅಪೂರ್ಣ. ಮಿಶೆಲ್ ರಯಾನ್ ಮತ್ತು ಅಲೆಕ್ಸಾಂಡರ್ ಹ್ಯಾಸ್ಲಮ್ 2005ರಲ್ಲಿ ಬ್ರಿಟನ್ನಿನ ದೊಡ್ಡ ಕಂಪನಿಗಳನ್ನು ನೋಡಿ ಒಂದು ಸಂಗತಿ ತೋರಿಸಿದರು. ಷೇರುಪೇಟೆ ಕುಸಿಯುತ್ತಿದ್ದ ಕಾಲದಲ್ಲಿ ಆಡಳಿತ ಮಂಡಳಿಗೆ ಹೆಂಗಸರನ್ನು ತಂದ ಕಂಪನಿಗಳು ಅದಕ್ಕೂ ಮೊದಲಿನ ತಿಂಗಳುಗಳಿಂದಲೇ ಸೊರಗುತ್ತಿದ್ದವು. ಅಂದರೆ ಹಡಗು ಮುಳುಗುವಾಗ ಚುಕ್ಕಾಣಿ ಹೆಣ್ಣಿನ ಕೈಗೆ. ಮುಳುಗಿದರೆ "ನೋಡಿ, ಹೆಣ್ಣು ಹಿಡಿದಳು, ಮುಳುಗಿತು" ಎಂಬ ಮಾತು ಸಿದ್ಧವಾಗಿರುತ್ತದೆ.

ಮತ್ತು ಚೆನ್ನಮ್ಮನ ಬಗ್ಗೆ. ಹುಬ್ಬಳ್ಳಿಯ ವೃತ್ತದಲ್ಲಿ ನಾವು ನೋಡುವುದು ಕುದುರೆ ಮತ್ತು ಕತ್ತಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಸತ್ತದ್ದು ಎಲ್ಲರ ನೆನಪಿನಲ್ಲಿದೆ. ಅದಕ್ಕೂ ಮೊದಲು ದತ್ತಕದ ಹಕ್ಕಿಗಾಗಿ ಚೆನ್ನಮ್ಮ ಮುಂಬಯಿ ಗವರ್ನರ್‌ಗೆ ಪತ್ರ ಬರೆದು ಮಾತುಕತೆಯ ದಾರಿ ಹುಡುಕಿದ್ದನ್ನು, ಗೆದ್ದ ಮೇಲೆ ಸೆರೆಸಿಕ್ಕ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳನ್ನು ಕೊಲ್ಲದೆ ಒತ್ತೆಯಿಟ್ಟುಕೊಂಡು ಯುದ್ಧ ನಿಲ್ಲಿಸಲು ಯತ್ನಿಸಿದ್ದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಕತ್ತಿ ಹಿಡಿದ ಕೈಯೇ ಪತ್ರವನ್ನೂ ಬರೆದಿತ್ತು.

ಆಶಾ ಕಾರ್ಯಕರ್ತೆ, ನವಲಗುಂದ ತಾಲ್ಲೂಕು

ಸಾಮಾನ್ಯವಾಗಿ ಇಂಥ ಕಡೆ ನಾನು ಓದುತ್ತೇನೆ, ಬರೆಯುವುದಿಲ್ಲ. "ತಾಯ್ತನ" ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಕೊರೊನಾದಲ್ಲಿ ನಮ್ಮನ್ನು ತಾಯಂದಿರು ಎಂದರು, ಯೋಧರು ಎಂದರು, ಹೂವು ಹಾಕಿದರು. ಮನೆಮನೆ ಸಮೀಕ್ಷೆಗೆ ಹೋದಾಗ ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ಹೊಡೆಯಲು ಬಂದರು. ಮುಂಬೈ, ಪುಣೆಗೆ ದುಡಿಯಲು ಹೋದವರು ತಿರುಗಿ ಬಂದ ಮನೆಗಳನ್ನು ಗುರುತಿಸಿದವರು ನಾವು. ಯಾವ ಮನೆಗೆ ಹಿಂದಿನ ಬಾಗಿಲಿದೆ, ಯಾವ ಮನೆಯಲ್ಲಿ ಸೊಸೆ ಬಸುರಿ, ಯಾರಿಗೆ ಕ್ಷಯದ ಔಷಧಿ ನಡೆದಿದೆ ಎಂಬುದು ನಮಗೆ ಗೊತ್ತಿದ್ದದ್ದು ಕರುಳಿನಿಂದಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ತಿರುಗಿ, ಡೈರಿಯಲ್ಲಿ ಬರೆದು ಇಟ್ಟುಕೊಂಡದ್ದರಿಂದ. ಅದು ಕಲಿತ ಕೆಲಸ. ಅದನ್ನು ಹೆಣ್ಣಿನ ಸಹಜ ಗುಣ ಎಂದುಬಿಟ್ಟರೆ ಸಂಬಳ ಕೊಡುವ ಅಗತ್ಯವಿಲ್ಲ, ಸಭೆಗೆ ಕರೆಯುವ ಅಗತ್ಯವೂ ಇಲ್ಲ.

2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದೆವು. ನಿನ್ನೆ ತಾಯಿ ಎಂದವರೇ ಅಂದು "ಇಂಥ ಹೊತ್ತಿನಲ್ಲಿ ಮುಷ್ಕರವೇ?" ಎಂದು ಕೇಳಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ನಾಯಕರು ಎಂಬ ಹೆಸರು ಜಿನೀವಾದಿಂದ ಬಂತು. ನಮ್ಮ ಪಂಚಾಯಿತಿಯ ಕೊರೊನಾ ಕಾರ್ಯಪಡೆಯ ಸಭೆಯಲ್ಲಿ ನಾನು ಕುಳಿತದ್ದು ಗೋಡೆಯ ಹತ್ತಿರದ ಬೆಂಚಿನ ಮೇಲೆ. ಅಂಕಿಅಂಶ ಕೇಳಿದರು, ಅಭಿಪ್ರಾಯ ಕೇಳಲಿಲ್ಲ.

ಅಧ್ಯಕ್ಷೆಯಾಗಿದ್ದವರೂ ಹೆಣ್ಣುಮಗಳೇ. ಅವರಿಗೆ ಫೋನ್ ಮಾಡಿದರೆ ಅವರ ಯಜಮಾನರು ಎತ್ತುತ್ತಿದ್ದರು.

ಉಪನ್ಯಾಸಕಿ, ಧಾರವಾಡ

ಅಕ್ಕಾ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಸ್ಪರ್ಧೆಯಲ್ಲಿ ನನಗೆ ಯಾವುದು ಸರಿಯೆನಿಸಿರಲಿಲ್ಲವೋ ಅದನ್ನು ನೀವು ನೇರವಾಗಿ ಹೇಳಿದಿರಿ.

ಈಗ ನನಗನ್ನಿಸುವುದು ಇದು. ಹುಬ್ಬಳ್ಳಿಯ ಅಣ್ಣನವರು ಹೇಳಿದ ಬೆಂಕಿಯ ಮೊದಲ ಹತ್ತು ನಿಮಿಷ ನಿಜ. ಅಲ್ಲಿ ಆಜ್ಞೆಯೇ ಬೇಕು. ಆದರೆ ನಮ್ಮ ಜಿಲ್ಲೆಗಳಿಗೆ ಬರುವ ಆಪತ್ತುಗಳಲ್ಲಿ ಬಹುಪಾಲು ಹತ್ತು ನಿಮಿಷದವಲ್ಲ. ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಎಚ್ಚರಿಕೆ ಬರುತ್ತದೆ. ನೀರು ಇಳಿದ ಮೇಲೆ ಪಂಚನಾಮೆ, ಹಾನಿಯ ಲೆಕ್ಕದಲ್ಲಿ ಮನೆ ಎ ವರ್ಗವೋ ಸಿ ವರ್ಗವೋ ಎಂಬ ಜಗಳ, ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಓಡಾಟ ಇರುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಸರ್ಕಾರ ಘೋಷಿಸಿತು. ಯಾವ ಮನೆ ಪೂರ್ತಿ ಬಿದ್ದದ್ದು ಎಂದು ತೀರ್ಮಾನಿಸುವ ಹೊತ್ತಿನಲ್ಲಿ ಬೇಕಾದದ್ದು ನ್ಯಾಯಬುದ್ಧಿ, ಒತ್ತಡಕ್ಕೆ ಬಗ್ಗದ ಬೆನ್ನೆಲುಬು. ನಾವು ಬೋಟಿನ ಗಳಿಗೆಯನ್ನು ಮಾತ್ರ ಆಪತ್ತು ಎಂದುಕೊಂಡು, ಆ ಗಳಿಗೆಗೆ ಒಪ್ಪುವ ಗುಣಗಳನ್ನು ನಾಯಕತ್ವ ಎಂದು ಕರೆದೆವು. ಅದಕ್ಕೆ ಮುಂಚಿನ ಮತ್ತು ನಂತರದ ಉದ್ದನೆಯ ಕಾಲದ ಕೆಲಸಗಳನ್ನು ಹೆಂಗಸರಿಗೆ ಬಿಟ್ಟು, ಸೇವೆ ಎಂದು ಕರೆದೆವು. ಹೆಣ್ಣು ಗಂಡಿನ ಸ್ವಭಾವ ಅಳೆಯುವ ಮೊದಲು, ಅಳತೆಗೋಲು ಯಾವ ಗಳಿಗೆಗೆ ಸೇರಿದ್ದು ಎಂದು ಕೇಳಬೇಕು.

ಹಾವೇರಿಯ ರೈತರಿಗೆ ಒಂದು ಮಾತು. ನಿಮ್ಮ ಲೈನ್‌ಮನ್ ಉದಾಹರಣೆ ನನ್ನ ಮಾತನ್ನು ಗಟ್ಟಿ ಮಾಡುತ್ತದೆ. ಅವರಿಗೆ ಊರು ಗೊತ್ತಿತ್ತು, ಮತ್ತು ಟ್ರಾನ್ಸ್‌ಫಾರ್ಮರ್ ಬಂದ್ ಮಾಡುವ ಅಧಿಕಾರ ಕೈಯಲ್ಲಿತ್ತು. ಆಶಾ ಅಕ್ಕನಿಗೆ ಮೊದಲನೆಯದು ಇತ್ತು, ಎರಡನೆಯದನ್ನು ಕೊಡಲಿಲ್ಲ.

ನಿವೃತ್ತ ಕಂದಾಯ ನೌಕರ, ಗದಗ

ಅಧಿಕಾರದ ಮಾತು ಬಂದದ್ದರಿಂದ ಕಾನೂನಿನ ವಿಷಯ ಹೇಳುತ್ತೇನೆ. ನನ್ನ ಸೇವೆಯ ಬಹುಭಾಗ ಇದೇ ಕೆಲಸದಲ್ಲಿ ಹೋಯಿತು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜನರಿಂದ ಆರಿಸಿ ಬಂದ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಇದನ್ನು ಬಹಳ ಜನ ಗಮನಿಸಿಲ್ಲ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ದೇಶಕ್ಕೆಲ್ಲ ಪಂಚಾಯಿತಿ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, 1987ರ ಚುನಾವಣೆಯಲ್ಲಿಯೇ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ ಕಾನೂನಿನಿಂದ ನಾವು ಶೇ 25 ಮೀಸಲಾತಿ ಕೊಟ್ಟಿದ್ದೆವು. ಆದರೆ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಹ ಅಧ್ಯಕ್ಷರ ಕುರ್ಚಿ ಖಾಲಿ ಉಳಿಯಿತು. ಮಹಿಳೆಯರು ನಾಯಕತ್ವ ಕೊಡಬಲ್ಲರೇ ಎಂದು ಚರ್ಚಿಸುವ ನಾವು, ಅವರು ಕುಳಿತುಕೊಳ್ಳಬೇಕಾದ ಕುರ್ಚಿಯನ್ನೇ ತೆಗೆದಿಟ್ಟ ಬಗ್ಗೆ ಚರ್ಚಿಸಲಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ಹಣ ಬಿಡುಗಡೆಗೆ ಅಧ್ಯಕ್ಷರು ಮತ್ತು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಇಬ್ಬರ ಸಹಿಯೂ ಬೇಕು. ಈಗ ಡಿಜಿಟಲ್ ಸಹಿ, ಅದನ್ನು ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್. ಅಧ್ಯಕ್ಷೆಯ ಡಾಂಗಲ್ ಯಾರ ಅಂಗಿಯ ಜೇಬಿನಲ್ಲಿದೆ ಎಂದು ನೋಡಿದರೆ ಆ ಊರಿನಲ್ಲಿ ಯಾರು ಆಳುತ್ತಿದ್ದಾರೆ ಎಂದು ತಿಳಿಯುತ್ತದೆ. ಹಾಗೆಂದು ಎಲ್ಲ ಕಡೆ ಪತಿಯ ದರ್ಬಾರು ಎನ್ನುವುದೂ ತಪ್ಪು. ಎರಡೂವರೆ ವರ್ಷದ ಅವಧಿಯಲ್ಲಿ ಮೊದಲ ಆರು ತಿಂಗಳು ಗಂಡನ ಜೊತೆ ಬರುತ್ತಿದ್ದು, ಆಮೇಲೆ ಒಬ್ಬರೇ ಬಂದು ಕಡತ ಕೇಳಿ ತೆಗೆಸಿ ಓದಿದ ಅಧ್ಯಕ್ಷೆಯರನ್ನು ನಾನು ಕಂಡಿದ್ದೇನೆ. ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ನಡೆಸಿದ ಅಧ್ಯಯನದಲ್ಲಿ, ಮೀಸಲು ಸ್ಥಾನದಿಂದ ಬಂದ ಮಹಿಳೆಯರು ಕುಡಿಯುವ ನೀರಿನಂಥ, ಊರಿನ ಹೆಂಗಸರೇ ಹೆಚ್ಚು ಕೇಳುತ್ತಿದ್ದ ಕೆಲಸಗಳಿಗೆ ಹೆಚ್ಚು ಹಣ ಹಾಕಿದ್ದು ಕಂಡುಬಂತು. ನನ್ನ ಅನುಭವವೂ ಅದೇ.

ಕಾರ್ಖಾನೆ ಮೇಲ್ವಿಚಾರಕ, ಹುಬ್ಬಳ್ಳಿ

ಮೊದಲ ಹತ್ತು ನಿಮಿಷದ ಬಗ್ಗೆ ನನ್ನ ಮಾತಿನಲ್ಲಿ ಬದಲಿಲ್ಲ. ಆದರೆ ಗೇಟಿನ ಹತ್ತಿರ ತಲೆ ಎಣಿಸಲು ಕೈಯಲ್ಲಿ ಸರಿಯಾದ ಪಟ್ಟಿ ಬೇಕು. ನಮ್ಮಲ್ಲಿ ಆ ಪಟ್ಟಿ ಇಡುವವರು ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು. ಅಣಕು ಕಾರ್ಯಾಚರಣೆಯಲ್ಲಿ ಅವರಿಗೆ ಓಡುವ ಪಾತ್ರ ಮಾತ್ರ ಇದೆ. ಮುಂದಿನ ಸಲ ಎಣಿಸಿ "ಒಳಗೆ ಇನ್ನೂ ಒಬ್ಬರಿದ್ದಾರೆ" ಎಂದು ಕೂಗುವ ಅಧಿಕಾರವನ್ನು ಅವರಿಗೇ ಕೊಡುತ್ತೇನೆ, ಆ ಕೂಗಿಗೆ ಎಲ್ಲರೂ ನಿಲ್ಲಬೇಕು. ಮ್ಯಾನೇಜ್‌ಮೆಂಟ್ ಒಪ್ಪುತ್ತದೆಯೇ ನೋಡಬೇಕು.

ಶಾಲಾ ಶಿಕ್ಷಕಿ, ರೋಣ ತಾಲ್ಲೂಕು

ಅಣ್ಣಾವರೇ, ಅದನ್ನು ಬರೆದೇ ಕೊಡಿ. ಬಾಯಿಮಾತಿನ ಅಧಿಕಾರ ಮೊದಲ ಗದ್ದಲಕ್ಕೇ ಹೋಗಿಬಿಡುತ್ತದೆ.

ನಾನು ಆ ಅಕ್ಕನ ಪುಸ್ತಕದ ಅಂಕಣಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದೇನೆ. ಮಳೆಗಾಲದ ಮುಂಚೆಯೇ ವಾರ್ಡ್‌ವಾರು ತುಂಬಿ ಇಟ್ಟರೆ ನೀರು ಬಂದ ರಾತ್ರಿ ಕೇಳುತ್ತಾ ಕೂರಬೇಕಿಲ್ಲ. ಪಂಚಾಯಿತಿಗೆ ಇದನ್ನು ಹೇಗೆ ಒಪ್ಪಿಸುವುದು?

ನಿವೃತ್ತ ಕಂದಾಯ ನೌಕರ, ಗದಗ

ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅಕ್ಕನವರೇ. ಮನವಿ ಕೊಟ್ಟರೆ ಕಡತದೊಳಗೆ ಹೋಗುತ್ತದೆ, ಠರಾವು ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆ. ಅದರಲ್ಲಿ ಎರಡು ಸಂಗತಿ ಬಿಡಬೇಡಿ. ಕಾಳಜಿ ಕೇಂದ್ರ ತೆರೆದ ದಿನದಿಂದ ಪಟ್ಟಿಯ ಹೊಣೆ ಸಂಘದ ಇಂಥವರದು ಎಂದು ಹುದ್ದೆಯ ಸಮೇತ ಬರೆಸಿ. ಔಷಧಿ, ಶೌಚಾಲಯ, ಕುಡಿಯುವ ನೀರಿನ ಬಗ್ಗೆ ಅವರು ಹೇಳಿದ್ದನ್ನು ಕೇಂದ್ರದ ಉಸ್ತುವಾರಿ ಅಧಿಕಾರಿ ಅದೇ ದಿನ ಮಾಡಬೇಕು ಎಂದೂ ಬರೆಸಿ. ಆಶಾ ಕಾರ್ಯಕರ್ತೆ ಸಭೆಯ ಸದಸ್ಯೆ ಎಂದು ಸೇರಿಸಿ, ಬರಿಯ ಮಾಹಿತಿ ಕೊಡುವವರು ಎಂದಲ್ಲ. ಕರಡು ಬರೆದು ಇಲ್ಲಿ ಹಾಕಿ, ಭಾಷೆ ನಾನು ತಿದ್ದಿಕೊಡುತ್ತೇನೆ.

ರೈತ, ವರದಾ ದಂಡೆ, ಹಾವೇರಿ ಜಿಲ್ಲೆ

ಹಾಳೆಯಲ್ಲಿ ಜಾನುವಾರುಗಳ ಅಂಕಣ ಇದೆಯೇ? ಇಲ್ಲದಿದ್ದರೆ ಸೇರಿಸಿ ಅಕ್ಕನವರೇ, ಎಮ್ಮೆಗೆ ಜಾಗ ಎಲ್ಲಿ ಎಂದೂ ಬರೆಯಿರಿ. ನಮ್ಮೂರಿನ ಸಂಘದವರಿಗೂ ಒಂದು ಪ್ರತಿ ಬೇಕು.

ಶಾಲಾ ಶಿಕ್ಷಕಿ, ರೋಣ ತಾಲ್ಲೂಕು

ಇರಲಿಲ್ಲ, ಸೇರಿಸುತ್ತೇನೆ. ಮೇವು ಎಷ್ಟು ದಿನಕ್ಕೆ ಬೇಕೆಂಬ ಲೆಕ್ಕ ನನಗೆ ಬಾರದು, ಅದನ್ನು ನೀವೇ ಬರೆದು ಕಳಿಸಿ.